ತಲೆಯ ಇಸುಬಿಗೆ ಎಣ್ಣೆ ಸುರಿಯುವ ಮುನ್ನ

ನೆತ್ತಿ ತುರಿಸಿ ಹೊಟ್ಟು ಉದುರಿದರೆ ಸಾಕು, ತಲೆ ಒಣಗಿದೆ, ಎಣ್ಣೆ ಹಚ್ಚು ಅನ್ನುವವರೇ ಎಲ್ಲ. ಬರೀ ಒಣ ಚರ್ಮವಾದರೆ ಸರಿಯೇ. ಆದರೆ ಹೊಟ್ಟು ಹಳದಿಯಾಗಿ ಜಿಡ್ಡುಗಟ್ಟಿ, ಅಡಿಯ ಚರ್ಮ ಕೆಂಪಾಗಿ, ಹುಬ್ಬಿನಲ್ಲೂ ಮೂಗಿನ ಪಕ್ಕದಲ್ಲೂ ಕಿವಿಯ ಹಿಂದೆಯೂ ಪೊರೆ ಏಳುತ್ತಿದ್ದರೆ ಅದು ಇಸುಬು. ವೈದ್ಯರು ಸೆಬೊರಿಕ್ ಡರ್ಮಟೈಟಿಸ್ ಅನ್ನುವುದು ಇದಕ್ಕೇ. ಮಲಸೇಜಿಯಾ ಅನ್ನುವ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ. ಚರ್ಮದ ಜಿಡ್ಡೇ ಅದರ ಆಹಾರ. ಅದು ಜಿಡ್ಡನ್ನು ಒಡೆದಾಗ ಹುಟ್ಟುವ ಆಮ್ಲ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಅಂಥವರು ರಾತ್ರಿಯಿಡೀ ಎಣ್ಣೆ ಹಚ್ಚಿಕೊಂಡು ಮಲಗಿದರೆ ಕಳ್ಳನನ್ನು ಕರೆದು ಊಟ ಬಡಿಸಿದ ಹಾಗೆ. ಅಂದಹಾಗೆ ಇದು ಅಂಟುವುದಿಲ್ಲ, ಕೊಳಕಿನಿಂದ ಬರುವುದೂ ಅಲ್ಲ. ಯಾರನ್ನೂ ಹೀಯಾಳಿಸಬೇಡಿ.

ಔಷಧದ ಶಾಂಪೂ ತಂದವರೂ ಬಹಳ ಮಂದಿ ಅದನ್ನು ಕೂದಲಿಗೆ ಸವರಿ, ನೊರೆ ಬಂದ ಕೂಡಲೇ ತೊಳೆದುಬಿಡುತ್ತಾರೆ. ಆಮೇಲೆ ಶಾಂಪೂ ಸರಿಯಿಲ್ಲ ಅನ್ನುತ್ತಾರೆ! ಮದ್ದು ಬೇಕಾದದ್ದು ಬುರುಡೆಯ ಚರ್ಮಕ್ಕೆ. ಕೂದಲು ಬಿಡಿಸಿಕೊಂಡು ಬೆರಳ ತುದಿಯಿಂದ ತಿಕ್ಕಿ, 3ರಿಂದ 5 ನಿಮಿಷ ಬಿಟ್ಟು, ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಆ ಶಿಲೀಂಧ್ರವನ್ನು ಹತ್ತಿಕ್ಕುವ 2% ಕೀಟೊಕೊನಜೋಲ್ ಶಾಂಪೂವನ್ನು ಸಾಮಾನ್ಯವಾಗಿ ವಾರಕ್ಕೆ ಎರಡು ಸಲ, 2ರಿಂದ 4 ವಾರ ಹಾಕಬೇಕು. ತುರಿಕೆ ನಿಂತಿತೆಂದು ಬಾಟಲಿ ಎತ್ತಿಟ್ಟರೆ ಮತ್ತೆ ಬರುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮುಂದುವರಿಸಿ. ಇದು ಬುಡಸಮೇತ ಹೋಗುವ ಕಾಯಿಲೆಯಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳುವಂಥದ್ದು. ಚಳಿಗಾಲದಲ್ಲಿ, ಮನಸ್ಸಿಗೆ ಒತ್ತಡ ಬಿದ್ದಾಗ ಕೆರಳುತ್ತದೆ. ಪೊರೆ ದಪ್ಪವಾಗಿದ್ದರೆ ಸ್ಯಾಲಿಸಿಲಿಕ್ ಆಮ್ಲವಿರುವ ಶಾಂಪೂ ಅದನ್ನು ಸಡಿಲಿಸುತ್ತದೆ. ಉಗುರಿನಿಂದ ಕೀಳಲು ಹೋಗಬೇಡಿ. ಕೆರೆದ ತಲೆಗೆ ನಿಂಬೆರಸ ಹಿಂಡುವುದಂತೂ ನನಗೆ ಅರ್ಥವೇ ಆಗದ ಶಿಕ್ಷೆ.

ತಲೆಗೆ ಬಣ್ಣ ಹಚ್ಚಿದ ಒಂದೆರಡು ದಿನದಲ್ಲೇ ಉರಿ, ಊತ ಶುರುವಾದರೆ ಬಣ್ಣವೇ ಒಗ್ಗಿಲ್ಲದಿರಬಹುದು; ಅದನ್ನು ಬಿಡಿ. ಬೆಳ್ಳಿ ಬಣ್ಣದ ದಪ್ಪ ಪೊರೆ ಕೂದಲಂಚು ದಾಟಿ ಹಣೆಗೆ ಇಳಿದರೆ ಸೋರಿಯಾಸಿಸ್ ಅನ್ನುವ ಬೇರೆ ಚರ್ಮರೋಗ ಇರಬಹುದು. ಮಕ್ಕಳ ತಲೆಯಲ್ಲಿ ಅಲ್ಲಲ್ಲಿ ಕೂದಲು ತುಂಡಾಗಿ ಬೋಳಾದರೆ ಹುಳುಕಡ್ಡಿಯ ಅನುಮಾನ. ಅದಕ್ಕೆ ಹೊಟ್ಟೆಗೆ ಮಾತ್ರೆಯೋ ಔಷಧವೋ ಬೇಕು, ಶಾಂಪೂ ಸಾಲದು. ಇಂಥವನ್ನೂ, ಕೀವು ಸೋರುವುದನ್ನೂ ಚರ್ಮವೈದ್ಯರಿಗೆ ತೋರಿಸಿ. ಕೆಂಪು, ತುರಿಕೆ ತಗ್ಗಿಸಲು ಅವರು ಸ್ಟೀರಾಯ್ಡ್ ಲೋಷನ್ ಕೊಟ್ಟರೆ ಹೇಳಿದಷ್ಟೇ ದಿನ ಸಾಕು.

ಎಳೆಗೂಸಿನ ನೆತ್ತಿಯ ಹಳದಿ ಹಕ್ಕಳೆಗೆ ಮಾತ್ರ ಗಾಬರಿ ಬೇಡ. ತುಸು ಬೇಬಿ ಆಯಿಲ್ ಸವರಿ, ನೆನೆದ ಮೇಲೆ ಮೆತ್ತನೆಯ ಬ್ರಷ್‌ನಿಂದ ಬಿಡಿಸಿ, ಎಣ್ಣೆ ಉಳಿಯದಂತೆ ತೊಳೆದರಾಯಿತು. ದೊಡ್ಡವರ ಶಾಂಪೂವನ್ನು ವೈದ್ಯರನ್ನು ಕೇಳದೆ ಹಾಕಬೇಡಿ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಹೋಗುತ್ತದೆ.