ಪುಟ ತಿರುಗಿಸುವ ಮುನ್ನ

ಚಿತ್ರಪುಸ್ತಕ ಓದುತ್ತಲೇ ಮಗುವಿಗೆ ವಿನ್ಯಾಸ, ಅಂದರೆ ಒಂದು ನಿಯಮ ಹಿಡಿದು ಸಾಗುವ ಸಾಲು, ಗುರುತಿಸುವುದನ್ನು ಕಲಿಸಬಹುದು. ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳುವಿನ ಚಿತ್ರಪುಸ್ತಕ 1969ರದು. ಹುಳು ತಿನ್ನುವುದು ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು, ಬುಧವಾರ ಮೂರು ಪ್ಲಮ್. ನಾಲ್ಕು ವರ್ಷದ ಮಗಳಿಗೆ ಮೊದಲ ಸಲ ಓದಿದಾಗ ನಾನು ಏನನ್ನೂ ಕೇಳಲಿಲ್ಲ. ನೀವೂ ಕೇಳಬೇಡಿ, ಮೊದಲ ಓದು ಕಥೆಗೇ ಮೀಸಲಿರಲಿ.

ಎರಡನೆಯ ಸಲ ಬುಧವಾರದ ಹತ್ತಿರ ನಿಂತೆ. ಆ ಹಣ್ಣಿನ ಪುಟಗಳು ಒಂದಕ್ಕಿಂತ ಒಂದು ಅಗಲ, ಮುಂದಿನದು ಇಣುಕುತ್ತದೆ. ಅದಕ್ಕೇ ಅಂಗೈ ಅಡ್ಡ ಇಟ್ಟು, "ಗುರುವಾರ ಎಷ್ಟು?" ಎಂದೆ. "ನಾಲ್ಕು." "ಹೇಗೆ ಗೊತ್ತಾಯಿತು?" ಈ ಎರಡನೆಯ ಪ್ರಶ್ನೆಯನ್ನು ಮಾತ್ರ ಎಂದೂ ಬಿಡಬೇಡಿ. ಮಗು ನೆನಪಿನಿಂದ ಹೇಳಿತೋ, ನಿಯಮ ಹಿಡಿಯಿತೋ ಎಂಬುದು ಅಲ್ಲೇ ತಿಳಿಯುವುದು. ಅವಳು ಹಿಂದಿನ ಪುಟಗಳನ್ನು ಒಂದೊಂದಾಗಿ ಮುಟ್ಟಿ, "ದಿನಾ ಒಂದು ಹೆಚ್ಚು" ಎಂದಳು.

ಶನಿವಾರ ಬಂತು. ಅಲ್ಲಿ ಹುಳು ಹತ್ತು ಬಗೆಯ ತಿನಿಸುಗಳನ್ನು ಒಂದೊಂದರಂತೆ ತಿನ್ನುತ್ತದೆ. ಮೊದಲ ಓದಿನಲ್ಲಿ ಸುಮ್ಮನೆ ಕೇಳಿಸಿಕೊಂಡಿದ್ದವಳು ಈಗ ತಕರಾರು ತೆಗೆದಳು: "ಆರು ಇರಬೇಕಿತ್ತು!" ನನಗೆ ಹಿಡಿಸಲಾರದಷ್ಟು ಸಂತೋಷ. ನಿಯಮ ಕೈಗೆ ಸಿಕ್ಕಿದ ಮಗುವಿಗೆ ಮಾತ್ರ ಅದು ಮುರಿದದ್ದು ಕಾಣುತ್ತದೆ. ಆದ್ದರಿಂದ ಪುಸ್ತಕ ಆರಿಸುವಾಗ ವಿನ್ಯಾಸ ಎಲ್ಲಾದರೂ ತಪ್ಪುವಂಥದ್ದನ್ನೂ ಹುಡುಕಿ.

ಏರುವ ವಿನ್ಯಾಸಕ್ಕಿಂತ ಮರುಕಳಿಸುವುದು ಸುಲಭ. ಅದು ಪುಟದ ಅಂಚಿನಲ್ಲಿ, ಪಾತ್ರದ ಅಂಗಿಯ ಪಟ್ಟೆಗಳಲ್ಲಿ ಸಿಗುತ್ತದೆ. ಕೆಂಪು, ಕೆಂಪು, ನೀಲಿ. ಕೆಂಪು, ಕೆಂಪು, ನೀಲಿ. ಒಂದು ಸುತ್ತು ಮಾತ್ರ ತೋರಿಸಿ ಮುಂದಿನದನ್ನು ಕೇಳುವುದು ಅನ್ಯಾಯ. ಎರಡು ಮೂರು ಸುತ್ತಾದರೂ ಕಣ್ಣಿಗೆ ಬೀಳಲಿ. ಆಮೇಲೆ ಪುಸ್ತಕ ಮುಚ್ಚಿ ಅದನ್ನೇ ಕೈಯಲ್ಲಿ ನುಡಿಸಿ: ಚಪ್ಪಾಳೆ, ಚಪ್ಪಾಳೆ, ತೊಡೆತಟ್ಟು. ಬಣ್ಣದಲ್ಲಿದ್ದದ್ದೇ ಸದ್ದಿನಲ್ಲೂ ಇದೆ ಎಂದು ಮಗು ಕಂಡುಕೊಂಡ ದಿನ ಅರ್ಧ ಕೆಲಸ ಮುಗಿಯಿತು.

ನೀವು ನಿರೀಕ್ಷಿಸದ ಉತ್ತರ ಬಂದರೆ "ತಪ್ಪು" ಎನ್ನಬೇಡಿ. ಒಂದು, ಎರಡು ಆದ ಮೇಲೆ ಮೂರೂ ಬರಬಹುದು. ದುಪ್ಪಟ್ಟಾಗುತ್ತಿದೆ ಎಂದುಕೊಂಡ ಮಗುವಿಗೆ ನಾಲ್ಕೂ ಬರಬಹುದು.

ಕೊನೆಗೆ ನಾಲ್ಕು ಹಾಳೆ ಮಡಚಿ, ನಡುವೆ ದಾರ ಹಾಕಿ, ಮಗುವಿನ ಕೈಗೆ ಕೊಡಿ. ನನ್ನ ಮಗಳು ಬರೆದದ್ದು ಕಪ್ಪೆಯ ಕಥೆ. ಮೊದಲ ಪುಟದಲ್ಲಿ ಒಂದು ಕಪ್ಪೆ, ಆಮೇಲೆ ಮೂರು, ಆಮೇಲೆ ಐದು. ಮುಂದಿನ ಪುಟದ ಮೇಲೆ ಪುಟ್ಟ ಅಂಗೈ ಒತ್ತಿಟ್ಟು ನನ್ನ ಮುಖವನ್ನೇ ನೋಡುತ್ತ ಕುಳಿತಳು. "ಏಳು" ಎಂದೆ. "ಹೇಗೆ ಗೊತ್ತಾಯಿತು?" ಎಂದು ಕೇಳಿದಳು.