ಉದ್ದಮನೆಯನ್ನು ಕೊಟ್ಟಿಗೆಯಿಂದ ಅಳೆದೆ: ನನ್ನ ಅನುಭವ

ಇಂಗ್ಲೆಂಡಿನ ಡೆವನ್‌ನಲ್ಲಿ ಡಾರ್ಟ್‌ಮೂರ್ ಎಂಬ ಎತ್ತರದ ಹುಲ್ಲುಗಾಡಿದೆ. ಅಲ್ಲಿ ಹೌಂಡ್ ಟಾರ್ ಬಂಡೆಗಳ ಕೆಳಗಿನ ಇಳಿಜಾರಿನಲ್ಲಿ ಜನ ಬಿಟ್ಟುಹೋದ ಒಂದು ಸಣ್ಣ ಊರು. ಸೂರು ಹೋಗಿ ಎಷ್ಟೋ ಕಾಲವಾಗಿದೆ. ಗಿಡ್ಡ ಗ್ರಾನೈಟ್ ಗೋಡೆಗಳು ಮಾತ್ರ ಉಳಿದಿವೆ. ನಾನು ಎಕ್ಸೆಟರ್‌ನಲ್ಲಿ ಕೆಲಸ ಮಾಡುತ್ತೇನೆ. ಮಾರ್ಚ್ ತಿಂಗಳ ನಾಲ್ಕು ಶನಿವಾರ ಅಲ್ಲಿಗೆ ಹೋಗಿ, ಒಂದು ಲಾಂಗ್‌ಹೌಸ್ ಅಳೆದು ನಕ್ಷೆ ಬರೆದೆ.

ಲಾಂಗ್‌ಹೌಸ್ ಅಂದರೆ ಉದ್ದಮನೆ. ಮೇಲಿನ ತುದಿಯಲ್ಲಿ ಒಲೆ ಇರುವ ಕೋಣೆ, ಕೆಳಗಿನ ತುದಿಯಲ್ಲಿ ಕೊಟ್ಟಿಗೆ. ಡೆವನ್ ಜನ ಅದನ್ನು ಶಿಪ್ಪನ್ ಅಂತಾರೆ. ನಡುವೆ ಅಡ್ಡಕ್ಕೆ ಒಂದು ಓಣಿ, ಅದರ ಎರಡೂ ತುದಿಗೆ ಎದುರುಬದುರು ಬಾಗಿಲು. ಜನರೂ ದನಗಳೂ ಒಳಗೆ ಬರುತ್ತಿದ್ದುದು ಆ ಬಾಗಿಲಿನಿಂದಲೇ.

ನನಗೆ ಇದು ಹೊಸದೇನಲ್ಲ. ಗದಗದ ಹತ್ತಿರ ನಮ್ಮ ಹಳೇ ಮನೆಯಲ್ಲೂ ತಲಬಾಗಿಲು ದಾಟಿದರೆ ಮೊದಲು ಸಿಗುವುದು ಎತ್ತು, ಗ್ವಾದಲಿ. ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ. ರಾತ್ರಿ ಎತ್ತು ಮೆಲುಕು ಹಾಕುವ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆವು.

ಮಾರ್ಚ್ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಬೇಸಿಗೆಯಲ್ಲಿ ಜರಿಗಿಡ ಎದೆಮಟ್ಟ ಬೆಳೆದು ಗೋಡೆ ಕಾಣುವುದೇ ಇಲ್ಲ. ಇದು ಸಂರಕ್ಷಿತ ಜಾಗ, ಒಂದು ಗೂಟ ಹೊಡೆಯುವಂತೆಯೂ ಇಲ್ಲ. ಟೇಪಿನ ತುದಿಗಳ ಮೇಲೆ ಮರಳಿನ ಚೀಲ ಇಟ್ಟು ಹಿಡಿಸಿದೆ. ಆ ಟೇಪಿನಿಂದ ಒಂದೊಂದು ಮೀಟರಿಗೆ ಗೋಡೆ ಎಷ್ಟು ದೂರ ಅಂತ ಅಳೆದು, ಐವತ್ತಕ್ಕೆ ಒಂದರ ಅಳತೆಯಲ್ಲಿ ಬರೆಯುತ್ತಾ ಹೋದೆ.

ಮೊದಲ ಶನಿವಾರದ ಕೆಲಸ ಪೂರ್ತಿ ಹಾಳಾಯಿತು. ಟೇಪನ್ನು ನೆಲದ ಮೇಲೇ ಹಾಸಿದ್ದೆ. ನೆಲ ಇಳಿಜಾರು ಅಲ್ವಾ? ಆರು ಅಡಿಗೆ ಒಂದು ಅಡಿ ಇಳಿಯುವ ಕಡೆ ಹಾಗೆ ಮಾಡಿದರೆ, 15 ಮೀಟರಿಗೆ ಸುಮಾರು 20 ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಕಾಗದದ ಮೇಲೆ ಅದು 4 ಮಿಲಿಮೀಟರ್. ಮನೆಯ ನಾಲ್ಕನೇ ಮೂಲೆ ಕೂಡಿ ಬರಲೇ ಇಲ್ಲ. ಮುಂದಿನ ವಾರ ಟೇಪನ್ನು ಮಟ್ಟಸವಾಗಿ ಎತ್ತಿ ಹಿಡಿದು, ತೂಗುಗುಂಡು ಇಳಿಬಿಟ್ಟು, ತುಂಡು ತುಂಡಾಗಿ ಅಳೆದೆ. ಈ ಸಲ ಒಲೆಯ ಕಡೆಯಿಂದ ಅಲ್ಲ, ಕೊಟ್ಟಿಗೆಯ ಕಡೆಯಿಂದ ಶುರು ಮಾಡಿದೆ.

ಆಗ ಮನೆ ಅರ್ಥವಾಯಿತು. ಕೊಟ್ಟಿಗೆಯ ನಡುವೆ ಉದ್ದಕ್ಕೆ ಒಂದು ಕಲ್ಲಿನ ಗಟಾರ. ಹುಲ್ಲು, ಪಾಚಿ ಸರಿಸದೆ ಸುಮ್ನೆ ಬೆರಳಾಡಿಸಿದೆ. ಕಲ್ಲಿನ ಅಂಚು ಕೈಗೆ ಸಿಕ್ಕಿತು. ತಣ್ಣಗೆ, ಒದ್ದೆ, ಕೆಳಕ್ಕೆ ವಾಲಿದೆ. ಗಂಜಲ ಒಲೆಯ ಕಡೆ ಬರದೆ ತಾನಾಗಿ ಹೊರಗೆ ಹರಿಯಲಿ ಅಂತ ಇಡೀ ಮನೆಯನ್ನೇ ಇಳಿಜಾರಿನ ಗುಂಟ ಕಟ್ಟಿದ್ದಾರೆ. ದನಕ್ಕೆ ಮೊದಲು ಜಾಗ ನೋಡಿ, ಆಮೇಲೆ ಮನುಷ್ಯರಿಗೆ ನೋಡಿದ ಹಾಗಿದೆ. ಒಕ್ಕಲುತನದ ಮನೆ ಇರಬೇಕಾದದ್ದೇ ಹೀಗೆ ಅಂತ ನನಗನಿಸುತ್ತದೆ.

ಊರಿನ ಹೆಸರು 1086ರ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲಿದೆ. ಈಗ ಕಾಣುವ ಕಲ್ಲಿನ ಮನೆಗಳು ಅದಕ್ಕಿಂತ ಈಚಿನವು, 13ನೇ ಶತಮಾನದವು. 1961ರಿಂದ 1975ರವರೆಗೆ ಇಲ್ಲಿ ಅಗೆಸಿದವರು ಮೇರಿ ಮಿಂಟರ್. ವರದಿ ಬರೆಯುವ ಮೊದಲೇ ಅವರು ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಹಿಡಿದು ಪುರಾತತ್ವಜ್ಞ ಗೈ ಬೆರೆಸ್‌ಫರ್ಡ್ 1979ರಲ್ಲಿ ವರದಿ ಪ್ರಕಟಿಸಿದರು. ಕಲ್ಲಿನ ಮನೆಗಳ ಕೆಳಗೆ ಇನ್ನೂ ಹಳೆಯ, ಹುಲ್ಲುಹೆಂಟೆ ಗೋಡೆಯ ಮನೆಗಳಿದ್ದವು ಅನ್ನುವುದು ಬೆರೆಸ್‌ಫರ್ಡ್ ಮಾತು. ಮುಂದೆ ಬಂದ ಸಂಶೋಧಕರು ಅದನ್ನು ಒಪ್ಪಲಿಲ್ಲ. ಬೇರೆಯವರು ಬಿಟ್ಟುಹೋದ ಟಿಪ್ಪಣಿ ಓದುವುದು ಎಷ್ಟು ಕಷ್ಟ ಅಂತ, ನನ್ನದೇ ಮೊದಲ ವಾರದ ಹಾಳೆ ನೋಡಿದಾಗ ಗೊತ್ತಾಯಿತು.

ಪಕ್ಕದಲ್ಲಿ ಕಾಳು ಒಣಗಿಸುವ ಗೂಡುಗಳಿರುವ ಉಗ್ರಾಣಗಳಿವೆ. ನಮ್ಮಲ್ಲಿ ಜೋಳ ಬಿಸಿಲಿಗೆ ಹರವಿದರೆ ಸಾಕು. ಇಲ್ಲಿ ಸಾವಿರ ಅಡಿಗೂ ಎತ್ತರ, ಮಂಜು, ಮಳೆ. ಬೆಂಕಿ ಹಾಕಿ ಒಣಗಿಸದಿದ್ದರೆ ಕಾಳು ಕೈಗೆ ಬರುತ್ತಿರಲಿಲ್ಲ. ಹವೆ ಕೆಟ್ಟಿತು, 1348ರ ಮಹಾಮಾರಿ ಪ್ಲೇಗೂ ಬಂತು. ಊರು ಯಾಕೆ ಖಾಲಿಯಾಯಿತು ಅನ್ನುವಾಗ ಈ ಎರಡನ್ನೂ ಹೇಳುತ್ತಾರೆ.

ನಕ್ಷೆಯ ಫೋಟೋ ಊರಿಗೆ ಕಳಿಸಿದೆ. ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ದನದ ಮುಖ ಯಾ ಕಡೆ?"

ನಾನು ಅದನ್ನು ಬರೆದೇ ಇರಲಿಲ್ಲ. ಗಟಾರ ನಡುವೆ ಇದೆ. ಹಾಗಾದರೆ ದನಗಳು ಎರಡೂ ಗೋಡೆಗೆ ಮುಖಮಾಡಿ, ಬಾಲ ನಡುವಿಗೆ ಬರುವ ಹಾಗೆ ನಿಲ್ಲುತ್ತಿದ್ದವು. ಡಾರ್ಟ್‌ಮೂರ್‌ನ ಉಳಿದ ಶಿಪ್ಪನ್‌ಗಳಲ್ಲೂ ಹಾಗೆಯೇ.

"ಹಂಗಿದ್ರ ಸೆಗಣಿ ಬಳೀಲಿಕ್ಕೆ ಛಲೋ ಆತು ಬಿಡು," ಅಂದಳು.

ಅವತ್ತು ರಾತ್ರಿಯೇ ಪೆನ್ಸಿಲ್ ತಗೊಂಡು ಎರಡೂ ಗೋಡೆಯ ಕಡೆ ಸಣ್ಣ ಬಾಣದ ಗುರುತು ಹಾಕಿದೆ.