ಜಡೆ ಹೆಣೆಯುವಷ್ಟು ಕೈ ಎತ್ತುವುದು ಹೇಗೆ?

ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿಸಿ ಮನೆಗೆ ಬಂದ ಮೂವತ್ತರ ಹೆಣ್ಣುಮಗಳಿಗೆ ಗಾಯಕ್ಕಿಂತ ಹೆಚ್ಚು ಕಾಡುವುದು ಆಪರೇಷನ್ ಆದ ಕಡೆಯ ಕೈ. ರವಿಕೆ ತೋಳಿಗೆ ಏರದು, ಅಟ್ಟದ ಡಬ್ಬಿ ಎಟುಕದು, ಎರಡು ವರ್ಷದ ಮಗು ‘ಎತ್ಕೋ’ ಎಂದರೆ ಎದೆ ಧಸಕ್ಕೆನ್ನುತ್ತದೆ. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿದ್ದರೆ ಭುಜ ಬಿಗಿಯುತ್ತದೆ, ಕೈಯ ನೀರು ಸರಾಗವಾಗಿ ಇಳಿಯದೆ ಬಾವು ಬರಬಹುದು. ಅದೇ ಲಿಂಫೆಡಿಮಾ.

ಮೊದಲ ದಿನಗಳಲ್ಲಿ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚಿ ಚಾಚುವುದು ಸಾಕು. ಊಟ, ಹಲ್ಲುಜ್ಜುವುದು ಅದೇ ಕೈಯಲ್ಲಾಗಲಿ. ಗಾಯದ ನೀರು ಹೊರಹೋಗಲು ಇಟ್ಟ ಡ್ರೈನ್ ಪೈಪ್ ತೆಗೆಯುವವರೆಗೆ ಸಾಮಾನ್ಯವಾಗಿ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಿಸುವುದಿಲ್ಲ.

ಪೈಪ್ ತೆಗೆದ ಮೇಲೆ, ಡಾಕ್ಟರು ಹೂಂ ಎಂದರೆ, ಗೋಡೆಗೆ ಮುಖಮಾಡಿ ನಿಂತು ಬೆರಳುಗಳಿಂದ ಇರುವೆ ಹತ್ತಿದಂತೆ ಮೇಲೇರಿ. ತಲುಪಿದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ನಾಳೆ ಅದನ್ನು ದಾಟಲು ನೋಡಿ. ಸೆಳೆತ ಇರಲಿ, ಚುಚ್ಚುವ ನೋವಾದರೆ ನಿಲ್ಲಿಸಿ. ರೇಡಿಯೇಷನ್ ಇದ್ದರಂತೂ ಇದನ್ನು ಮುಂದೂಡಬೇಡಿ: ಅಲ್ಲಿ ಕೈಯನ್ನು ತಲೆಯ ಮೇಲಿಟ್ಟು ಅಲುಗದೆ ಮಲಗಬೇಕು. ಕಂಕುಳಿಂದ ಮೊಣಕೈಯತ್ತ ಚರ್ಮದಡಿ ತಂತಿ ಬಿಗಿದಂತೆ ಕಂಡರೆ ಗಾಬರಿ ಬೇಡ, ಫಿಸಿಯೋಥೆರಪಿಸ್ಟ್ ಅದನ್ನು ಸಡಿಲಿಸುತ್ತಾರೆ.

ಮಗುವನ್ನು ಕೆಲವು ವಾರ ನೀವು ಎತ್ತಬೇಡಿ. ನೆಲದ ಮೇಲೆ ಕೂತುಕೊಳ್ಳಿ, ಅದೇ ನಿಮ್ಮ ತೊಡೆ ಹತ್ತಲಿ. ಆಮೇಲೆ ಭಾರ ಸ್ವಲ್ಪಸ್ವಲ್ಪವೇ. ‘ಆ ಕೈಗೆ ಇನ್ನು ಜನ್ಮವಿಡೀ ಕೆಲಸ ಕೊಡಬೇಡ’ ಎಂದು ಅತ್ತೆ, ಚಿಕ್ಕಮ್ಮಂದಿರು ಹೇಳುತ್ತಾರೆ. ಪ್ರೀತಿಯ ಮಾತೇ, ಆದರೆ ಕೆಲಸವಿಲ್ಲದ ಕೈ ಇನ್ನಷ್ಟು ಸೋಲುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕೈ ಬಾತಿದ್ದ ಮಹಿಳೆಯರೇ ತಜ್ಞರ ನಿಗಾದಲ್ಲಿ ಹಂತಹಂತವಾಗಿ ಭಾರ ಎತ್ತಿದರು, ಬಾವು ಹೆಚ್ಚಲಿಲ್ಲ.

ಟೈಲರ್ ಟೇಪು ಒಂದಿರಲಿ. ಸಾಧ್ಯವಾದರೆ ಆಪರೇಷನ್‌ಗೆ ಮುಂಚೆಯೇ ಎರಡೂ ಕೈಗಳ ಮಣಿಕಟ್ಟು, ಮೊಣಕೈ ಕೆಳಗೆ, ಮೇಲ್ತೋಳು ಅಳೆದು ಬರೆದಿಡಿ. ಆಮೇಲೆ ತಿಂಗಳಿಗೊಮ್ಮೆ, ಅದೇ ಜಾಗಗಳಲ್ಲಿ. ಎರಡು ಕೈಗಳ ನಡುವೆ 2 ಸೆಂ.ಮೀ. ವ್ಯತ್ಯಾಸ ಬಂದರೆ ಡಾಕ್ಟರಿಗೆ ತೋರಿಸಿ. ದಿನವೂ ಹಾಕುವ ಬಳೆ ಒಮ್ಮೆಲೇ ಬಿಗಿಯಾಯಿತೇ? ಅಳತೆಗಾಗಿ ಕಾಯಬೇಡಿ. ಬಾವು ವರ್ಷಗಳ ನಂತರವೂ ಬರಬಹುದು. ಬಾವಿಗೆಂದು ತೋಳಿಗೆ ಬಿಗಿಯಾಗಿ ತೊಡುವ ಒತ್ತುತೋಳನ್ನು (ಕಂಪ್ರೆಷನ್ ಸ್ಲೀವ್) ಅಂದಾಜಿನ ಮೇಲೆ ಕೊಳ್ಳಬೇಡಿ, ಅಳತೆ ತಪ್ಪಿದರೆ ಅದೇ ತೊಂದರೆ.

ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿತ, ಈಳಿಗೆ ಗಾಯ ಎರಡಕ್ಕೂ ಎಚ್ಚರ. ಗಾಯವಾದರೆ ತೊಳೆದು ಮುಚ್ಚಿ. ಕೈ ಕೆಂಪೇರಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ.

ಇನ್ನು ಅಂಗವೈಕಲ್ಯ ಸರ್ಟಿಫಿಕೇಟಿನ ವಿಷಯ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ಕ್ಯಾನ್ಸರ್ ಇಲ್ಲ. ಕೈಯ ಬಲ, ಚಲನೆ ಶಾಶ್ವತವಾಗಿ ಕುಂದಿದ್ದರೆ ಮಾತ್ರ ಚಲನವೈಕಲ್ಯದಡಿ ಪರೀಕ್ಷೆಗೆ ಕೇಳಬಹುದು. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ 40% ವೈಕಲ್ಯ ಇರಬೇಕು. ತಪಾಸಣೆಗೆ ಹೋಗುವಾಗ ಡಿಸ್ಚಾರ್ಜ್ ಪತ್ರದ ಜೊತೆ, ಟೇಪಿನ ಅಳತೆ ಬರೆದಿಟ್ಟ ಆ ನೋಟ್‌ಬುಕ್ಕನ್ನೂ ಒಯ್ಯಿರಿ.